ಮನೆಯೊಳಗೊಂದು ವರ್ಚುವಲ್ ಲ್ಯಾಬ್: ಹಳೆಯ ಯಂತ್ರ, ಎರಡು ತಿಂಗಳ ಕರೆಂಟು ಬಿಲ್ಲು ಮತ್ತು ಸಿಡಿಲಿನ ಲೆಕ್ಕ

ಸರ್ವರ್ ನಿರ್ವಹಣೆಯನ್ನೋ ನೆಟ್‌ವರ್ಕಿಂಗನ್ನೋ ಕಲಿಯಹೊರಟವರು ಪುಸ್ತಕ ಓದಿ, ವೀಡಿಯೊ ನೋಡಿ ಒಂದು ಹಂತದವರೆಗೆ ಬರುತ್ತಾರೆ. ಅಲ್ಲಿಂದ ಮುಂದೆ ಹೋಗಬೇಕಾದರೆ ಕೆಡಿಸುವುದಕ್ಕೂ ಕೆಟ್ಟದ್ದನ್ನು ಸರಿಪಡಿಸುವುದಕ್ಕೂ ಸ್ವಂತದ್ದೊಂದು ಸರ್ವರ್ ಬೇಕು. ಕಚೇರಿಯ ಸರ್ವರನ್ನು ಕೆಡಿಸಿದರೆ ಕೆಲಸಕ್ಕೇ ಸಂಚಕಾರ, ಕಾಲೇಜಿನ ಲ್ಯಾಬಿನಲ್ಲಿ ಅಡ್ಮಿನ್ ಪಾಸ್‌ವರ್ಡನ್ನು ಯಾರೂ ಕೈಗೆ ಕೊಡುವುದಿಲ್ಲ. ಒಂದು ಯಂತ್ರದೊಳಗೆ ಹತ್ತು ಯಂತ್ರಗಳನ್ನು ನಡೆಸುವ ವರ್ಚುವಲೈಸೇಷನ್ ಈ ಕೊರತೆಯನ್ನು ತುಂಬುತ್ತದೆ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ನಮ್ಮ ಮನೆಯಲ್ಲಿ ಇಂತಹ ಲ್ಯಾಬೊಂದನ್ನು ಕೆಲವು ವರ್ಷಗಳಿಂದ ನಡೆಸುತ್ತಿದ್ದೇನೆ. ಯಂತ್ರವನ್ನು ಕೊಳ್ಳುವುದು ಈ ಕೆಲಸದ ಅಗ್ಗದ ಭಾಗ; ಕಾಸರಗೋಡಿನಂತಹ ಊರಿನಲ್ಲಿ ಅದನ್ನು ಕರೆಂಟು, ಸಿಡಿಲು, ತೇವಗಳ ನಡುವೆ ಬದುಕಿಸಿಕೊಳ್ಳುವುದೇ ನಿಜವಾದ ಖರ್ಚು. ಆದ್ದರಿಂದ ಈ ಲೇಖನದಲ್ಲಿ ತಂತ್ರಾಂಶದಷ್ಟೇ ಜಾಗ ಪ್ಲಗ್ಗಿಗೂ ಅರ್ತಿಂಗಿಗೂ ಸಿಗುತ್ತದೆ.

ಒಂದು ಸಮಾಧಾನದ ಮಾತನ್ನು ಮೊದಲೇ ಹೇಳಬಹುದು. ಕೇರಳದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಐಟಿ ಪಾಠ ನಡೆಯುವುದು ಹಿಂದೆ ಐಟಿ ಅಟ್ ಸ್ಕೂಲ್ ಎಂದಿದ್ದ, ಈಗ ಕೈಟ್ ಎಂದು ಕರೆಯಲ್ಪಡುವ ಸಂಸ್ಥೆ ಸಿದ್ಧಪಡಿಸಿದ ಗ್ನೂ/ಲಿನಕ್ಸ್ ಮೇಲೆ. ಹೀಗಾಗಿ ಇಲ್ಲಿನ ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಓದಿದವರಿಗೆ ಲಿನಕ್ಸ್ ಎಂದರೆ ಕಾಣದ ಪ್ರಾಣಿಯಲ್ಲ. ಟರ್ಮಿನಲ್‌ನ ಕಪ್ಪು ಕಿಟಕಿಯನ್ನು ಕಂಡು ಹೆದರಬೇಕಾದ ಕಾರಣವೂ ಅವರಿಗಿಲ್ಲ.

ಕೊಳ್ಳುವ ಮೊದಲು

ಮನೆಯಲ್ಲಿ 8 ಜಿಬಿ ಮೆಮೊರಿಯ ಲ್ಯಾಪ್‌ಟಾಪ್ ಇದ್ದರೆ ಮೊದಲ ತಿಂಗಳು ಏನನ್ನೂ ಕೊಳ್ಳಬೇಡಿ. ವಿಂಡೋಸ್ ಇದ್ದರೆ ವರ್ಚುವಲ್‌ಬಾಕ್ಸ್, ಲಿನಕ್ಸ್ ಇದ್ದರೆ ವರ್ಟ್-ಮ್ಯಾನೇಜರ್ ಎಂಬ ವರ್ಚುವಲೈಸೇಷನ್ ತಂತ್ರಾಂಶ ಹಾಕಿಕೊಂಡು, ಡೆಸ್ಕ್‌ಟಾಪ್ ಇಲ್ಲದ ಡೆಬಿಯನ್ (ಲಿನಕ್ಸ್‌ನ ಒಂದು ಬಗೆ) ಯಂತ್ರಗಳೆರಡನ್ನು ತಲಾ 1 ಜಿಬಿ ಮೆಮೊರಿಯಲ್ಲಿ ಎಬ್ಬಿಸಿ, ಒಂದರಿಂದ ಇನ್ನೊಂದಕ್ಕೆ ಮಾತಾಡಿಸಿ ನೋಡಿ. ಒಂದು ತಿಂಗಳ ನಂತರವೂ ಆಸಕ್ತಿ ಉಳಿದಿದ್ದರೆ, ಲ್ಯಾಪ್‌ಟಾಪ್ ಮುಚ್ಚಿದಾಗಲೆಲ್ಲ ಲ್ಯಾಬೂ ಮುಚ್ಚಿಹೋಗುತ್ತದಲ್ಲ ಎಂಬ ಕಿರಿಕಿರಿ ತಾನಾಗಿ ಹುಟ್ಟುತ್ತದೆ. ಪ್ರತ್ಯೇಕ ಯಂತ್ರ ಕೊಳ್ಳಬೇಕಾದ ಹೊತ್ತು ಅದು.

ಆಗ ಕಣ್ಣಿಗೆ ಬೀಳುವುದು ಎರಡು ಬಗೆಯ ಹಳೆಯ ಸಾಮಾನು. ಒಂದು, ದೊಡ್ಡ ಕಂಪೆನಿಗಳು ಬಿಟ್ಟುಕೊಟ್ಟ ರ‍್ಯಾಕ್ ಸರ್ವರ್. ಎರಡು ಪ್ರೊಸೆಸರ್, ನೂರಾರು ಜಿಬಿ ಮೆಮೊರಿ, ಕೇಳಿದರೆ ಆಶ್ಚರ್ಯವಾಗುವಷ್ಟು ಕಡಿಮೆ ಬೆಲೆ. ಇನ್ನೊಂದು, ಕಚೇರಿಯ ಮೇಜಿನ ಮೇಲೆ ಮಾನಿಟರಿನ ಹಿಂದೆ ಅಡಗಿ ಕೂರುತ್ತಿದ್ದ, ಹೆಚ್ಚುಕಡಿಮೆ ಒಂದು ದಪ್ಪ ಪುಸ್ತಕದಷ್ಟಿರುವ ಮಿನಿ ಪಿಸಿ: ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೊ, ಎಚ್‌ಪಿ ಎಲೈಟ್‌ಡೆಸ್ಕ್ ಮಿನಿ, ಲೆನೊವೊ ಥಿಂಕ್‌ಸೆಂಟರ್ ಟೈನಿ. ಮೊದಲನೆಯದರ ಆಸೆಗೆ ಬೀಳದಿರಲು ಕರೆಂಟಿನ ಲೆಕ್ಕ ಸಾಕು.

ಮಿನಿ ಪಿಸಿಯೊಂದು ಹೆಚ್ಚು ಕೆಲಸವಿಲ್ಲದೆ ಉರಿಯುತ್ತಿರುವಾಗ ಸುಮಾರು 15 ವಾಟ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ 0.36 ಯೂನಿಟ್, 60 ದಿನಕ್ಕೆ 21.6 ಯೂನಿಟ್. ಹಳೆಯ ಟವರ್ ಕಂಪ್ಯೂಟರ್ 50 ವಾಟ್ ಎಳೆದರೆ ಅದೇ ಅವಧಿಗೆ 72 ಯೂನಿಟ್; ರ‍್ಯಾಕ್ ಸರ್ವರ್ ಸುಮ್ಮನೆ ಕುಳಿತು 120 ವಾಟ್ ತಿಂದರೆ 172.8 ಯೂನಿಟ್. ಅರುವತ್ತು ದಿನವೇ ಏಕೆಂದರೆ ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿ ನಮಗೆ ಬಿಲ್ಲು ಕೊಡುವುದು ಎರಡು ತಿಂಗಳಿಗೊಮ್ಮೆ. ಅದರ ಗೃಹಬಳಕೆಯ ದರದಲ್ಲಿ ಇನ್ನೊಂದು ಸೂಕ್ಷ್ಮವಿದೆ: ತಿಂಗಳಿಗೆ ಸರಾಸರಿ 250 ಯೂನಿಟ್ ಮೀರದವರಿಗೆ ಮೊದಲ ಮೆಟ್ಟಿಲಿನ ಯೂನಿಟ್ಟುಗಳಿಗೆ ಕಡಿಮೆ ದರ, ಮೇಲಿನ ಮೆಟ್ಟಿಲಿನವಕ್ಕೆ ಹೆಚ್ಚು ದರ ಎಂಬ ಕ್ರಮ ನಡೆಯುತ್ತದೆ, ಆ ಗೆರೆ ದಾಟಿದವರಿಗೆ ಮೊದಲ ಯೂನಿಟ್ಟಿನಿಂದ ಕೊನೆಯದರವರೆಗೆ ಒಂದೇ ಏರುದರ ಬೀಳುತ್ತದೆ. ಬೇಸಗೆಯಲ್ಲಿ ತೋಟಕ್ಕೆ ನೀರು ಹಾಯಿಸುವ ಪಂಪು, ಮಲಗುವ ಕೋಣೆಯ ಎಸಿ ಇವೆಲ್ಲ ಸೇರಿ ಎರಡು ತಿಂಗಳಿಗೆ 500 ಯೂನಿಟ್‌ನ ಅಂಚಿನಲ್ಲಿರುವ ಮನೆಗೆ ಒಂದು ರ‍್ಯಾಕ್ ಸರ್ವರ್ ತಂದರೆ, ಅದು ತನ್ನ ಯೂನಿಟ್ಟುಗಳ ಹಣವನ್ನಷ್ಟೇ ಅಲ್ಲ, ಇಡೀ ಮನೆಯ ಬಿಲ್ಲನ್ನು ಮೇಲಿನ ದರಕ್ಕೆ ಎತ್ತಿ ಕೂರಿಸುತ್ತದೆ. ಅದರ ಫ್ಯಾನಿನ ಸದ್ದಿಗೆ ಮನೆಯವರು ಏನನ್ನುತ್ತಾರೆಂಬುದು ಬೇರೆ ವಿಷಯ.

ಮಿನಿ ಪಿಸಿಗಳು ಈಗ ಹೆಚ್ಚು ಸಿಗುವುದಕ್ಕೆ ಕಾರಣವೂ ಇದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಇಂಟೆಲ್‌ನ ಎಂಟನೆಯ ತಲೆಮಾರಿಗಿಂತ ಹಳೆಯ ಸಾಮಾನ್ಯ ಪ್ರೊಸೆಸರುಗಳನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಹೀಗೆ ಆರು, ಏಳನೆಯ ತಲೆಮಾರಿನ ಯಂತ್ರಗಳು ಕಚೇರಿಗಳಿಂದ ಹೊರಬೀಳುತ್ತಿವೆ. ನಮ್ಮ ಲ್ಯಾಬಿಗೆ ಬೇಕಾದದ್ದು ಲಿನಕ್ಸ್ ಆದುದರಿಂದ ಅವರ ಅಡ್ಡಿ ನಮಗೆ ಲಾಭ. ಐ5-6500ಟಿ ನಾಲ್ಕು ಕೋರಿನದು, ಐ5-8500ಟಿ ಆರು ಕೋರಿನದು. ಎರಡೂ 35 ವಾಟ್‌ನ ವರ್ಗಕ್ಕೆ ಸೇರಿದವು. ಕಲಿಯುವವರಿಗೆ ನಾಲ್ಕು ಕೋರ್ ಸಾಕು, ಆರು ಸಿಕ್ಕಿದರೆ ಸಂತೋಷ.

ಬಜೆಟ್ಟನ್ನು ಹಂಚುವಾಗ ಬಹಳ ಮಂದಿ ಪ್ರೊಸೆಸರಿಗೆ ಹಣ ಸುರಿದು ಮೆಮೊರಿಯಲ್ಲಿ ಜಿಪುಣತನ ಮಾಡುತ್ತಾರೆ. ಮಾಡಬೇಕಾದದ್ದು ಇದರ ತಿರುವುಮುರುವು. ಪ್ರೊಸೆಸರನ್ನು ಹತ್ತು ವರ್ಚುವಲ್ ಯಂತ್ರಗಳು ಸರದಿಯಲ್ಲಿ ಹಂಚಿಕೊಂಡು ಬಳಸಬಲ್ಲವು, ಹೆಚ್ಚೆಂದರೆ ನಿಧಾನವಾದೀತು. ಮೆಮೊರಿಯಾದರೋ ಒಬ್ಬರು ಹಿಡಿದದ್ದು ಇನ್ನೊಬ್ಬರಿಗಿಲ್ಲ. 16 ಜಿಬಿಯ ಒಂದು ಲೆಕ್ಕ ನೋಡಿ: ಉಳಿದವನ್ನೆಲ್ಲ ಹೊತ್ತ ಒಡೆಯ ಯಂತ್ರಕ್ಕೆ 2, ಜಾಲದ ಕಾವಲುಗಾರ ಫೈರ್‌ವಾಲಿಗೆ 2, ಡೆಬಿಯನ್ ಸರ್ವರ್ ಮೂರಕ್ಕೆ ತಲಾ 1, ವಿಂಡೋಸ್ ಸರ್ವರಿಗೆ 4, ಡಿಎನ್‌ಎಸ್ (ಹೆಸರಿನಿಂದ ವಿಳಾಸ ಹುಡುಕುವ ಸೇವೆ) ಮತ್ತು ಫೈಲ್ ಹಂಚಿಕೆಯ ಎರಡು ಕಂಟೇನರುಗಳಿಗೆ (ಹಗುರ ವರ್ಚುವಲ್ ಯಂತ್ರದಂತಹವು, ವಿವರ ಮುಂದೆ) ತಲಾ ಅರ್ಧ, ಒಟ್ಟು 12. ಉಳಿದ 4 ಜಿಬಿ ಹೊಸ ಹುಚ್ಚುಗಳಿಗೆ. 8 ಜಿಬಿಯಲ್ಲಿ ಈ ಸಂಸಾರ ಸಾಗದು, 32 ಇದ್ದರೆ ಎರಡು ವರ್ಷ ಚಿಂತೆಯಿಲ್ಲ. ಮೆಮೊರಿಯ ಬೆಲೆ ಅಡಕೆಯ ಧಾರಣೆಯಂತೆ ಏರಿಳಿಯುವುದರಿಂದ, ಕಡಿಮೆ ಮೆಮೊರಿಯ ಯಂತ್ರವನ್ನು ಕೊಂಡು ಆಮೇಲೆ ಸೇರಿಸುವುದು ಅಗ್ಗವೋ, ತುಂಬಿದ್ದನ್ನೇ ಕೊಳ್ಳುವುದು ಅಗ್ಗವೋ ಎಂಬುದನ್ನು ಕೊಳ್ಳುವ ದಿನವೇ ಕೂಡಿ ನೋಡಬೇಕು. ಸಾಧಾರಣವಾಗಿ ಇವುಗಳಲ್ಲಿ ಲ್ಯಾಪ್‌ಟಾಪಿನ ಮೆಮೊರಿ ಹಿಡಿಯುವ ಎರಡು ಸ್ಲಾಟ್‌ಗಳಿರುತ್ತವೆ. ಎರಡೂ ನೆಟ್ಟಗಿವೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಿ.

ಹಳೆಯ ಯಂತ್ರ ತರಲು ನಮ್ಮಲ್ಲಿ ಹೆಚ್ಚಿನವರು ಮಂಗಳೂರಿನ ದಾರಿ ಹಿಡಿಯುತ್ತಾರೆ, ಇಲ್ಲವೇ ಆನ್‌ಲೈನ್‌ನಲ್ಲಿ ತರಿಸುತ್ತಾರೆ. ಅಂಗಡಿಯಲ್ಲಿ ನಾಲ್ಕು ಸಂಗತಿಗಳನ್ನು ಪರೀಕ್ಷಿಸಿ. ಯಂತ್ರ ಏಳುವಾಗಿನ ಮೂಲ ಸೆಟ್ಟಿಂಗ್‌ಗಳಿರುವ ಬಯಾಸ್‌ಗೆ ಪಾಸ್‌ವರ್ಡ್ ಇರಬಾರದು. ಕಚೇರಿಯಿಂದ ಬಂದ ಯಂತ್ರಗಳಲ್ಲಿ ಇದು ಸಾಮಾನ್ಯ, ತೆಗೆಯುವುದು ಕಷ್ಟ. ಬಯಾಸ್‌ನಲ್ಲಿ ಇಂಟೆಲ್ ಆದರೆ ‘ವರ್ಚುವಲೈಸೇಷನ್ ಟೆಕ್ನಾಲಜಿ’, ಎಎಂಡಿ ಆದರೆ ‘ಎಸ್‌ವಿಎಂ ಮೋಡ್’ ಎಂಬ ಆಯ್ಕೆ ಕಾಣಿಸಬೇಕು. ಅಡಾಪ್ಟರ್ ಯಂತ್ರದ ಕಂಪೆನಿಯದೇ ಆಗಿರಬೇಕು, ಬೇರೆಯದನ್ನು ಕೊಟ್ಟರೆ ಕೆಲವು ಯಂತ್ರಗಳು ವೇಗವನ್ನೇ ತಗ್ಗಿಸಿಕೊಳ್ಳುತ್ತವೆ. ಎಸ್‌ಎಸ್‌ಡಿ ಎಷ್ಟು ಸವೆದಿದೆ ಎಂಬುದನ್ನು ಅದು ತನ್ನ ಆರೋಗ್ಯವನ್ನು ತಾನೇ ಬರೆದಿಡುವ ಸ್ಮಾರ್ಟ್ ಮಾಹಿತಿಯಲ್ಲಿ ನೋಡಬೇಕು. ನಾನು ಮೊದಲ ಬಾರಿ ಈ ಕೊನೆಯದನ್ನು ನೋಡದೆ ತಂದೆ. ನಾಲ್ಕು ತಿಂಗಳಲ್ಲಿ ಎಸ್‌ಎಸ್‌ಡಿ ಕೈಕೊಟ್ಟಿತು. ಅಂದಿನಿಂದ ಹಳೆಯ ಯಂತ್ರಕ್ಕೆ ಹೊಸ ಎಸ್‌ಎಸ್‌ಡಿ ಎಂಬುದು ನನ್ನ ನಿಯಮ. 500 ಜಿಬಿ ಧಾರಾಳ.

ಯಾವ ತಂತ್ರಾಂಶ?

ಈ ಲೇಖನದ ಆಯ್ಕೆ ಪ್ರಾಕ್ಸ್‌ಮಾಕ್ಸ್ ವಿಇ. ಡೆಬಿಯನ್ ಮೇಲೆ ಕಟ್ಟಿದ ಮುಕ್ತ ತಂತ್ರಾಂಶ. ಪೂರ್ಣ ವರ್ಚುವಲ್ ಯಂತ್ರಗಳಿಗೆ ಲಿನಕ್ಸ್‌ನ ತಿರುಳಾದ ಕರ್ನೆಲ್ಲಿನಲ್ಲಿ 2007ರಿಂದಲೇ ಇರುವ ಕೆವಿಎಂ ಅನ್ನೂ, ಹಗುರ ಕಂಟೇನರುಗಳಿಗೆ ಎಲ್‌ಎಕ್ಸ್‌ಸಿಯನ್ನೂ ಬಳಸುತ್ತದೆ, ಎಲ್ಲವನ್ನೂ ಬ್ರೌಸರಿನಿಂದ ನಡೆಸಬಹುದು. ಕೆಲಸದ ಮಾರುಕಟ್ಟೆಯಲ್ಲಿ ಇದೇ ಬಗೆಯ ವಿಎಂವೇರ್ ತಂತ್ರಾಂಶವನ್ನು ಕೇಳುತ್ತಾರಲ್ಲ ಎಂಬ ಪ್ರಶ್ನೆ ಬರುತ್ತದೆ. 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ವಿಎಂವೇರನ್ನು ಕೊಂಡಿತು, 2024ರ ಆರಂಭದಲ್ಲಿ ಅದರ ವರ್ಚುವಲೈಸೇಷನ್ ತಂತ್ರಾಂಶ ಇಎಸ್‌ಎಕ್ಸ್‌ಐನ ಉಚಿತ ಆವೃತ್ತಿ ನಿಂತಿತು, 2025ರ ಏಪ್ರಿಲಿನಲ್ಲಿ ಮತ್ತೆ ಕಾಣಿಸಿಕೊಂಡಿತು. ಹೀಗೆ ಬಂದುಹೋಗುವ ಅತಿಥಿಯ ಮೇಲೆ ಮನೆಯ ಲ್ಯಾಬನ್ನು ಕಟ್ಟುವುದು ನನಗೆ ಸರಿಕಾಣುವುದಿಲ್ಲ. ಅದನ್ನು ಕಲಿಯಲೇಬೇಕಾದವರು ಪ್ರಾಕ್ಸ್‌ಮಾಕ್ಸ್‌ನೊಳಗೇ ಒಂದು ವರ್ಚುವಲ್ ಯಂತ್ರವಾಗಿ ನಡೆಸಿ ನೋಡಬಹುದು.

ವರ್ಚುವಲ್ ಯಂತ್ರಕ್ಕೂ ಕಂಟೇನರಿಗೂ ಇರುವ ಭೇದವನ್ನು ಮನೆಯ ಹೋಲಿಕೆಯಲ್ಲಿ ಹೇಳುವುದಾದರೆ, ವರ್ಚುವಲ್ ಯಂತ್ರವೆಂದರೆ ಅದೇ ಹಿತ್ತಲಿನಲ್ಲಿ ಬೇರೆ ಬಾವಿ, ಬೇರೆ ಒಲೆ ಇಟ್ಟುಕೊಂಡ ಪಾಲಿನ ಮನೆ. ಕಂಟೇನರ್ ಎಂದರೆ ಒಂದೇ ಅಡುಗೆಮನೆಯನ್ನು ಹಂಚಿಕೊಂಡು ಬೇರೆ ಕೋಣೆಯಲ್ಲಿರುವ ಸಂಸಾರ. ಕಂಟೇನರಿಗೆ ಸ್ವಂತ ಕರ್ನೆಲ್ ಇಲ್ಲ, ಆದ್ದರಿಂದ ಮೆಮೊರಿ ಕಡಿಮೆ ಸಾಕು, ಕ್ಷಣದಲ್ಲಿ ಎದ್ದು ಕೂರುತ್ತದೆ. ಆದರೆ ಅದರಲ್ಲಿ ವಿಂಡೋಸ್ ನಡೆಯದು, ಕರ್ನೆಲ್ ಮುಟ್ಟುವ ಪ್ರಯೋಗಗಳೂ ಸಲ್ಲವು.

ಅನುಸ್ಥಾಪನೆ

ಪ್ರಾಕ್ಸ್‌ಮಾಕ್ಸ್‌ನ ಅಧಿಕೃತ ತಾಣದಿಂದ ಅನುಸ್ಥಾಪನೆಯ ಐಎಸ್‌ಒ ಕಡತವನ್ನು ಇಳಿಸಿಕೊಂಡು, ಅಲ್ಲೇ ಕೊಟ್ಟಿರುವ, ಕಡತದ ಬೆರಳಚ್ಚಿನಂತಿರುವ ಎಸ್‌ಎಚ್‌ಎ256 ಮೊತ್ತದೊಂದಿಗೆ ಹೋಲಿಸಿ ನೋಡಿ. ನಡುವೆ ನೆಟ್ಟು ಕಡಿದು ಅರೆಬರೆ ಇಳಿದ ಕಡತದಿಂದ ಒಂದು ಸಂಜೆ ಹಾಳಾಗುವುದು ತಪ್ಪುತ್ತದೆ. ಕಡತವನ್ನು ಪೆನ್‌ಡ್ರೈವಿಗೆ ಎಚರ್ ಅಥವಾ ರೂಫಸ್ ಎಂಬ ತಂತ್ರಾಂಶದಿಂದ ಬರೆಯಿರಿ. ರೂಫಸ್ ಬಳಸುವುದಾದರೆ ಕಡತವನ್ನು ಇದ್ದಂತೆಯೇ ನಕಲಿಸುವ ಡಿಡಿ ಕ್ರಮವನ್ನೇ ಆರಿಸಬೇಕು. ಬಯಾಸ್‌ನಲ್ಲಿ ವರ್ಚುವಲೈಸೇಷನ್ ಆಯ್ಕೆಯನ್ನು ಚಾಲೂ ಮಾಡಿ, ಜೊತೆಗೆ ಕರೆಂಟು ಹೋಗಿ ಬಂದಾಗ ಯಂತ್ರ ಏನು ಮಾಡಬೇಕು ಎಂಬ ಆಯ್ಕೆಯನ್ನೂ ಹುಡುಕಿ. ಹಲವು ಮಾರ್ಗದರ್ಶಿಗಳು ‘ತಾನಾಗಿ ಏಳಲಿ’ ಎನ್ನುತ್ತವೆ. ನಮ್ಮ ಹಳ್ಳಿಗಳಲ್ಲಿ ಹೋದ ಕರೆಂಟು ಒಮ್ಮೆ ಬಂದು, ಎರಡು ನಿಮಿಷ ನಿಂತು, ಮತ್ತೆ ಹೋಗಿ, ಆಮೇಲೆ ಸ್ಥಿರವಾಗುವುದು ರೂಢಿ. ಅರ್ಧ ಎದ್ದ ಯಂತ್ರಕ್ಕೆ ಆ ಎರಡನೆಯ ಪೆಟ್ಟೇ ಕೆಟ್ಟದ್ದು. ‘ಆರಿಯೇ ಇರಲಿ’ ಎಂದು ಇಟ್ಟು ಕೈಯಾರೆ ಎಬ್ಬಿಸುವುದು ನನ್ನ ಕ್ರಮ.

ಅನುಸ್ಥಾಪಕ ಕೇಳುವ ಪ್ರಶ್ನೆಗಳು ಹೆಚ್ಚಿಲ್ಲ. ಡಿಸ್ಕ್ ಒಂದೇ ಇದ್ದರೆ ಅದು ತಾನಾಗಿ ತೋರಿಸುವ ಇಎಕ್ಸ್‌ಟಿ4 ಎಂಬ ಕಡತ ವ್ಯವಸ್ಥೆಯ ಆಯ್ಕೆಯನ್ನೇ ಒಪ್ಪಿಕೊಳ್ಳಿ. ಇನ್ನೊಂದು ಕಡತ ವ್ಯವಸ್ಥೆ ಜೆಡ್‌ಎಫ್‌ಎಸ್ ಒಳ್ಳೆಯದೇ, ಆದರೆ ಅದಕ್ಕೆ ಮೆಮೊರಿಯ ಹಸಿವು ಹೆಚ್ಚು, ಅದರ ನಿಜವಾದ ಪ್ರಯೋಜನ ಎರಡು ಡಿಸ್ಕ್ ಇದ್ದಾಗ. ಹೋಸ್ಟ್ ಹೆಸರಿನ ಕೊನೆಗೆ ಮನೆಯ ಜಾಲಗಳಿಗೆಂದೇ ಮೀಸಲಿಟ್ಟ ‘ಹೋಮ್ ಡಾಟ್ ಆರ್ಪ’ವನ್ನು ಬಳಸಿ, ಆಗ ಹೊರಗಿನ ಯಾವ ನಿಜವಾದ ಹೆಸರಿನೊಂದಿಗೂ ಘರ್ಷಣೆಯಾಗದು. ಐಪಿ ವಿಳಾಸದ ಬಳಿ ಮಾತ್ರ ಸ್ವಲ್ಪ ನಿಲ್ಲಬೇಕು. ರೂಟರ್ ತನ್ನಷ್ಟಕ್ಕೆ ವಿಳಾಸ ಹಂಚುವ ವ್ಯಾಪ್ತಿಯನ್ನು ಮೊದಲೇ 192.168.1.100ರಿಂದ 192.168.1.200ರವರೆಗೆ ಎಂದು ಕಿರಿದುಗೊಳಿಸಿ, ಲ್ಯಾಬಿಗೆ 192.168.1.10 ಎಂಬ ಸ್ಥಿರ ವಿಳಾಸ ಕೊಡಿ. ಇಲ್ಲವಾದರೆ ಎಂದೋ ಒಂದು ದಿನ ಯಾರದೋ ಫೋನು ಅದೇ ವಿಳಾಸವನ್ನು ಹಿಡಿದು ಕೂತು, ದೋಷ ಎಲ್ಲಿದೆಯೆಂದು ತಿಳಿಯದೆ ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಯಂತ್ರ ಮರಳಿ ಎದ್ದ ಮೇಲೆ ಮಾನಿಟರಿನ ಅಗತ್ಯ ಮುಗಿಯಿತು. ಬೇರೆ ಕಂಪ್ಯೂಟರಿನ ಬ್ರೌಸರಿನಲ್ಲಿ ಎಚ್‌ಟಿಟಿಪಿಎಸ್ ಸಹಿತ ಆ ವಿಳಾಸವನ್ನು 8006ನೆಯ ಪೋರ್ಟಿನಲ್ಲಿ ತೆರೆಯಿರಿ. ಪ್ರಮಾಣಪತ್ರದ ಬಗ್ಗೆ ಎಚ್ಚರಿಕೆ ಬರುತ್ತದೆ, ಅದು ಯಂತ್ರ ತಾನೇ ಬರೆದುಕೊಂಡ ಪ್ರಮಾಣಪತ್ರವಾದ್ದರಿಂದ ಇಲ್ಲಿ ಮುಂದುವರಿಯಬಹುದು. ಒಳಹೊಕ್ಕ ಕೂಡಲೇ ಮಾಡಬೇಕಾದದ್ದು, ತಂತ್ರಾಂಶ ಇಳಿಸಿಕೊಳ್ಳುವ ಮೂಲಗಳಾದ ರೆಪಾಸಿಟರಿಗಳ ಪುಟದಲ್ಲಿ ಹಣ ತೆತ್ತವರಿಗೆ ಮೀಸಲಾದ ಎಂಟರ್‌ಪ್ರೈಸ್ ಮೂಲಗಳನ್ನು ನಿಲ್ಲಿಸಿ, ‘ನೋ-ಸಬ್‌ಸ್ಕ್ರಿಪ್ಷನ್’ ಮೂಲವನ್ನು ಸೇರಿಸಿ, ಅಪ್‌ಡೇಟ್ ನಡೆಸುವುದು. ಹೀಗೆ ಮಾಡದೆ ಅಪ್‌ಡೇಟ್ ಒತ್ತಿದವರು ಕೆಂಪಕ್ಷರ ಕಂಡು ಯಂತ್ರವೇ ಕೆಟ್ಟಿತೆಂದು ತಿಳಿಯುವುದುಂಟು.

ಮೊದಲ ಅತಿಥಿ, ಅದರ ಅಚ್ಚು

ಡೆಬಿಯನ್‌ನ ಐಎಸ್‌ಒವನ್ನು ‘ಲೋಕಲ್’ ಸಂಗ್ರಹಕ್ಕೆ ಏರಿಸಿ, ಹೊಸ ವರ್ಚುವಲ್ ಯಂತ್ರ, ಅಂದರೆ ಅತಿಥಿಯನ್ನು, ರಚಿಸುವ ಗುಂಡಿಯನ್ನು ಒತ್ತಿ. ಎರಡು ಕೋರ್, 1024 ಎಂಬಿ ಮೆಮೊರಿ, 20 ಜಿಬಿ ಡಿಸ್ಕ್ ಸಾಕು. ಡಿಸ್ಕಿಗೂ ನೆಟ್‌ವರ್ಕಿಗೂ ವರ್ಟ್‌ಐಒ ಎಂಬುದನ್ನೇ ಆರಿಸಿ; ಒಳಗಿನ ವ್ಯವಸ್ಥೆಗೆ ತಾನು ವರ್ಚುವಲ್ ಯಂತ್ರದಲ್ಲಿರುವೆನೆಂಬುದು ಗೊತ್ತಿದ್ದೇ ನಡೆಯುವ ಈ ಸಾಧನಗಳು, ಹಳೆಯ ನಿಜ ಸಾಧನಗಳ ಸೋಗು ಹಾಕುವವುಗಳಿಗಿಂತ ವೇಗವಾಗಿರುತ್ತವೆ. ಎಸ್‌ಎಸ್‌ಡಿ ಇದ್ದರೆ ‘ಡಿಸ್‌ಕಾರ್ಡ್’ ಗುರುತು ಹಾಕಿ. ಯಂತ್ರ ಒಂದೇ ಇರುವ ಲ್ಯಾಬಿನಲ್ಲಿ ಸಿಪಿಯು ಬಗೆಯನ್ನು ‘ಹೋಸ್ಟ್’ ಎಂದಿಡಬಹುದು. ವಿಂಡೋಸ್ ಹಾಕುವವರು ವರ್ಟ್‌ಐಒ ಚಾಲಕಗಳ ಐಎಸ್‌ಒವನ್ನು ಎರಡನೆಯ ಸಿಡಿಯಾಗಿ ಜೋಡಿಸಬೇಕು, ಇಲ್ಲವಾದರೆ ಅನುಸ್ಥಾಪಕಕ್ಕೆ ಡಿಸ್ಕೇ ಕಾಣಿಸದು. ವಿಂಡೋಸ್ ಸರ್ವರಿನ ಮೌಲ್ಯಮಾಪನ ಆವೃತ್ತಿ 180 ದಿನ ನಡೆಯುತ್ತದೆ, ಕಲಿಕೆಗೆ ಅದು ಸಾಲುತ್ತದೆ.

ಡೆಬಿಯನ್ ಹಾಕಿ ಮುಗಿದ ಮೇಲೆ ಅದಕ್ಕೆ ಒಡೆಯ ಯಂತ್ರದೊಂದಿಗೆ ಮಾತಾಡುವ ಕೆಮು ಗೆಸ್ಟ್ ಏಜೆಂಟ್ ಸೇರಿಸಿ, ಅಪ್‌ಡೇಟ್ ಮಾಡಿ, ಆರಿಸಿ, ಟೆಂಪ್ಲೇಟ್ ಆಗಿ ಮಾರ್ಪಡಿಸಿ. ಮುಂದೆ ಬೇಕೆಂದಾಗ ಈ ಅಚ್ಚಿನಿಂದ ಕ್ಷಣದಲ್ಲಿ ಹೊಸ ಯಂತ್ರ ಒತ್ತಬಹುದು, ಅದೂ ಅಚ್ಚಿನ ಡಿಸ್ಕನ್ನೇ ಹಂಚಿಕೊಳ್ಳುವ ‘ಲಿಂಕ್ಡ್ ಕ್ಲೋನ್’ ಆದರೆ ಜಾಗವೂ ಬಹಳ ಕಡಿಮೆ. ಅಚ್ಚು ಮಾಡುವ ಮುನ್ನ ಒಳಗಿನ, ಯಂತ್ರದ ಗುರುತುಸಂಖ್ಯೆಯಿರುವ ಮಶೀನ್-ಐಡಿ ಕಡತವನ್ನು ಬರಿದು ಮಾಡುವುದನ್ನೂ ದೂರದಿಂದ ಒಳಹೊಗುವಾಗ ಯಂತ್ರದ ಗುರುತು ಹೇಳುವ ಎಸ್‌ಎಸ್‌ಎಚ್ ಹೋಸ್ಟ್ ಕೀಲಿಗಳನ್ನು ಅಳಿಸುವುದನ್ನೂ ಮರೆಯಬಾರದು. ಕ್ಲೋನಿನಲ್ಲಿ ಕೀಲಿಗಳನ್ನು ಹೊಸದಾಗಿ ಸೃಷ್ಟಿಸಿಕೊಳ್ಳಬೇಕು. ನಾನು ಉಬುಂಟುವಿನಲ್ಲಿ ಇದನ್ನು ಮರೆತು ಮೂರು ಕ್ಲೋನ್ ಎಬ್ಬಿಸಿದಾಗ ಮೂವರೂ ರೂಟರಿನ ಮುಂದೆ ಒಂದೇ ಹೆಸರು ಹೇಳಿ ಒಂದೇ ವಿಳಾಸಕ್ಕೆ ಜಗಳಾಡಿದರು, ಕಾರಣ ತಿಳಿಯಲು ಎರಡು ರಾತ್ರಿ ಬೇಕಾಯಿತು.

ಡಿಸ್ಕ್ ಹಂಚಿಕೆಯಲ್ಲಿ ಒಂದು ಮೋಸವಿದೆ. ಪ್ರಾಕ್ಸ್‌ಮಾಕ್ಸ್‌ನ ಎಲ್‌ವಿಎಂ-ಥಿನ್ ಸಂಗ್ರಹ ಇರುವುದಕ್ಕಿಂತ ಹೆಚ್ಚು ಜಾಗವನ್ನು ಯಂತ್ರಗಳಿಗೆ ಮಾತುಕೊಡಲು ಬಿಡುತ್ತದೆ, ಬಳಸಿದಷ್ಟೇ ಜಾಗ ನಿಜವಾಗಿ ಖರ್ಚಾಗುತ್ತದೆ. ಮಾತುಕೊಟ್ಟವರೆಲ್ಲ ಒಟ್ಟಿಗೆ ಕೇಳಲು ಬಂದ ದಿನ ಸಂಗ್ರಹ ತುಂಬಿ, ಬರೆಯಲು ಹೊರಟ ಎಲ್ಲ ಯಂತ್ರಗಳೂ ಕೆಡುತ್ತವೆ. ವಾರಕ್ಕೊಮ್ಮೆ ಆ ಶೇಕಡಾ ಅಂಕಿಯನ್ನು ನೋಡಿ, 80 ದಾಟುವ ಮೊದಲೇ ಹಳೆಯ ಸ್ನ್ಯಾಪ್‌ಶಾಟ್‌ಗಳನ್ನು (ಯಂತ್ರದ ಒಂದು ಕ್ಷಣದ ಸ್ಥಿತಿಯ ದಾಖಲೆ) ಅಳಿಸಿ.

ಜಾಲ

ಯಂತ್ರವನ್ನು ರೂಟರಿಗೆ ಕೇಬಲ್‌ನಿಂದಲೇ ಜೋಡಿಸಬೇಕು. ವೈಫೈ ಮೂಲಕ ಸಂಪರ್ಕಿಸಿದ ಸಾಧನ ತನ್ನ ಹೆಸರಿನಲ್ಲಿ ಮಾತ್ರ ಮಾತಾಡಬಲ್ಲದು, ಬೆನ್ನ ಹಿಂದಿನ ಹತ್ತು ಅತಿಥಿಗಳ ಪರವಾಗಿ ಬೇರೆ ಬೇರೆ ಹೆಸರಿನಲ್ಲಿ ಮಾತಾಡಲು ರೂಟರ್ ಸಾಮಾನ್ಯವಾಗಿ ಬಿಡುವುದಿಲ್ಲ; ಆದ್ದರಿಂದ ಅತಿಥಿಗಳನ್ನು ಮನೆಯ ಜಾಲಕ್ಕೆ ಸೇರಿಸುವ ಬ್ರಿಡ್ಜ್ ಅಲ್ಲಿ ನಡೆಯದು. ಹೇಗೂ ನಮ್ಮ ಮುರಕಲ್ಲಿನ ದಪ್ಪ ಗೋಡೆಗಳ ನಡುವೆ ವೈಫೈ ಎರಡು ಕೋಣೆ ದಾಟುವಷ್ಟರಲ್ಲಿ ಸೋತಿರುತ್ತದೆ.

ಅನುಸ್ಥಾಪನೆಯಲ್ಲಿ ಹುಟ್ಟುವ ‘ವಿಎಂಬಿಆರ್0’ ಎಂಬ ಬ್ರಿಡ್ಜ್ ಮನೆಯ ಜಾಲಕ್ಕೆ ಸೇರಿದ್ದು. ಯಾವ ನಿಜ ಪೋರ್ಟನ್ನೂ ಜೋಡಿಸದ ‘ವಿಎಂಬಿಆರ್1’ ಎಂಬ ಎರಡನೆಯದನ್ನು ರಚಿಸಿ, ಒಪಿಎನ್‌ಸೆನ್ಸ್‌ನಂತಹ ಫೈರ್‌ವಾಲ್ ಯಂತ್ರಕ್ಕೆ ಎರಡೂ ಕಡೆ ಒಂದೊಂದು ಕಾರ್ಡ್ ಕೊಟ್ಟು, ಪ್ರಯೋಗದ ಯಂತ್ರಗಳನ್ನೆಲ್ಲ ವಿಎಂಬಿಆರ್1ರ ಹಿಂದೆ ಇಡಿ. ಅಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್ ಎಬ್ಬಿಸಿ, ವಿಂಡೋಸ್ ಜಾಲದ ಬಳಕೆದಾರರನ್ನು ನಿರ್ವಹಿಸುವ ಆಕ್ಟಿವ್ ಡೈರೆಕ್ಟರಿ ಹಾಕಿ, ದಾಳಿಯ ಅಭ್ಯಾಸ ಮಾಡಿ, ಮನೆಯವರ ಫೋನಿಗೆ ಅದರ ಸೋಂಕು ತಗಲದು. ಮನೆಯ ಇಡೀ ಇಂಟರ್ನೆಟ್ಟನ್ನು ಲ್ಯಾಬಿನ ಮೂಲಕ ಹರಿಸುವ, ಜಾಹೀರಾತು ತಡೆಯುವ ಡಿಎನ್‌ಎಸ್ಸನ್ನು ಎಲ್ಲರ ಮೇಲೆ ಹೇರುವ ಆಸೆ ಎಲ್ಲರಿಗೂ ಬರುತ್ತದೆ. ಲ್ಯಾಬು ಕೆಡಿಸುವುದಕ್ಕೆಂದೇ ಇರುವ ಜಾಗ. ಅದು ಕೆಟ್ಟ ಸಂಜೆ ಟಿವಿಯ ಮುಂದೆ ಯಕ್ಷಗಾನದ ನೇರಪ್ರಸಾರಕ್ಕೆ ಕುಳಿತ ಹಿರಿಯರಿಗೆ ಉತ್ತರ ಕೊಡುವ ಧೈರ್ಯವಿದ್ದರೆ ಮಾತ್ರ ಆ ಕಡೆ ಹೋಗಿ.

ಹೊರಗಿನಿಂದ ಲ್ಯಾಬನ್ನು ತಲುಪಬೇಕೆನಿಸಿದರೆ, ರೂಟರ್ ತೋರಿಸುವ ಹೊರವಿಳಾಸವನ್ನು ನೋಡಿ. ಅದು 100.64ರಿಂದ 100.127ರವರೆಗಿನ ಸಂಖ್ಯೆಗಳಿಂದ ಆರಂಭವಾದರೆ, ಸೇವಾದಾತರು ಒಂದು ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದ್ದಾರೆಂದು ಅರ್ಥ, ಅಲ್ಲಿ ಪೋರ್ಟ್ ತೆರೆದು ಪ್ರಯೋಜನವಿಲ್ಲ. ಟೇಲ್‌ಸ್ಕೇಲ್‌ನಂತಹ, ವೈರ್‌ಗಾರ್ಡ್ ಎಂಬ ವಿಪಿಎನ್ (ಗುಪ್ತ ಸುರಂಗ) ಆಧರಿಸಿದ ಸೇವೆ ಈ ಅಡ್ಡಿಯನ್ನು ದಾಟಿಸುತ್ತದೆ. ಸಾರ್ವಜನಿಕ ವಿಳಾಸವೇ ಇದ್ದರೂ 8006ನೆಯ ಪೋರ್ಟನ್ನು ಹೊರಜಗತ್ತಿಗೆ ತೆರೆಯಬಾರದು. ಪ್ರಾಕ್ಸ್‌ಮಾಕ್ಸ್‌ನಲ್ಲೇ ಇರುವ ಎರಡನೆಯ ಹಂತದ ಒಟಿಪಿ ಪರಿಶೀಲನೆಯನ್ನು ಮೊದಲ ದಿನವೇ ಚಾಲೂ ಮಾಡಿಟ್ಟುಕೊಳ್ಳಿ.

ಕರೆಂಟು, ಸಿಡಿಲು, ಆಟಿಯ ತೇವ

ನಮ್ಮಲ್ಲಿ ಸಿಡಿಲಿಗೆ ಎರಡು ಹಂಗಾಮು: ಮೇ ಕೊನೆಯಲ್ಲಿ ಬರುವ ಪತ್ತನಾಜೆಯ ಮೊದಲಿನ ಬೇಸಗೆ ಮಳೆಯದೊಂದು, ಅಕ್ಟೋಬರ್-ನವೆಂಬರಿನ ತುಲಾ ತಿಂಗಳ ಸಂಜೆ ಮಳೆಯದಿನ್ನೊಂದು. ಮನೆಗೇ ಬಡಿಯಬೇಕೆಂದಿಲ್ಲ, ಹತ್ತಿರದ ತೆಂಗಿಗೆ ಬಡಿದ ಸಿಡಿಲು ಉದ್ದ ತಾಮ್ರದ ತಂತಿಗಳಲ್ಲೆಲ್ಲ ವೋಲ್ಟೇಜನ್ನು ಹುಟ್ಟಿಸುತ್ತದೆ. ಅದು ಒಳಬರಲು ಕರೆಂಟಿನ ತಂತಿಯಷ್ಟೇ ನೆಟ್‌ವರ್ಕ್ ಕೇಬಲ್ಲೂ ದಾರಿ. ಪ್ಲಗ್ ಕಿತ್ತು ನೆಮ್ಮದಿಯಾಗಿ ಮಲಗಿದವರ ಯಂತ್ರ ಬೆಳಗ್ಗೆ ನೆಟ್‌ವರ್ಕ್ ಪೋರ್ಟ್ ಸತ್ತು ಬಿದ್ದಿರುವುದು ಇದೇ ಕಾರಣಕ್ಕೆ. ನನ್ನ ಒಂದು ಸ್ವಿಚ್ಚೂ ಹಾಗೆ ಹೋಗಿದೆ. ಕೀಳುವುದಾದರೆ ಎರಡನ್ನೂ ಕೀಳಬೇಕು. ಮನೆಯಿಂದ ಹೊರಗಿನ ಕೊಟ್ಟಿಗೆಗೋ ಅಡಕೆ ಸುಲಿಯುವ ಶೆಡ್ಡಿಗೋ ತಾಮ್ರದ ನೆಟ್‌ವರ್ಕ್ ಕೇಬಲ್ ಎಳೆಯಲೇಬೇಡಿ, ಅಷ್ಟು ದೂರಕ್ಕೆ ಲೋಹವಿಲ್ಲದ ಫೈಬರ್ ಕೇಬಲ್ ಮತ್ತು ಎರಡು ಮೀಡಿಯಾ ಕನ್‌ವರ್ಟರ್ ಸಾಕಾಗುತ್ತದೆ. ಸ್ಪೈಕ್‌ಗಾರ್ಡಿನೊಳಗಿನ ರಕ್ಷಕ ಬಿಡಿಭಾಗ ಪ್ರತಿ ಏಟಿಗೂ ಸ್ವಲ್ಪ ಸ್ವಲ್ಪ ಸವೆಯುತ್ತದೆ, ಮೇಲ್ನೋಟಕ್ಕೆ ದೀಪ ಉರಿಯುತ್ತಲೇ ಇರುತ್ತದೆ. ಅರ್ತಿಂಗ್ ಸರಿಯಿಲ್ಲದ ಮನೆಯಲ್ಲಿ ಅದರಿಂದ ಹೆಚ್ಚೇನೂ ಆಗದು. ಬೇಸಗೆಯಲ್ಲಿ ಅರ್ತ್ ಗುಂಡಿ ಒಣಗಿದೆಯೇ ಎಂದು ಎಲೆಕ್ಟ್ರಿಷಿಯನ್‌ರಿಂದ ಅಳೆಸಿ, ಮುಖ್ಯ ಬೋರ್ಡಿನಲ್ಲಿಯೇ ಸರ್ಜ್ ರಕ್ಷಕವೊಂದನ್ನು ಕೂರಿಸುವುದು ಲ್ಯಾಬಿಗಷ್ಟೇ ಅಲ್ಲ, ಫ್ರಿಜ್ಜಿಗೂ ಒಳ್ಳೆಯದು.

ಮೋಡ ಕಟ್ಟುವುದನ್ನು ಕಂಡ ಮೇಲೆ ಫೋನಿನಿಂದಲೇ ಲ್ಯಾಬನ್ನು ಆರಿಸುವಂತಿರಬೇಕು. ಪ್ರತಿ ಅತಿಥಿಯ ಆಯ್ಕೆಗಳಲ್ಲಿ ಏಳುವ ಮತ್ತು ಮಲಗುವ ಸರದಿಯನ್ನು ಸಂಖ್ಯೆಯಲ್ಲಿ ಕೊಟ್ಟಿಡಿ: ಮೊದಲು ಫೈರ್‌ವಾಲ್, ನಂತರ ಡಿಎನ್‌ಎಸ್, ಆಮೇಲೆ ಉಳಿದವು; ಮಲಗುವಾಗ ಇದೇ ಸರದಿ ತಿರುಗುಮುರುಗಾಗುತ್ತದೆ.

ಯುಎಸ್‌ಬಿ ಕೇಬಲ್ ಇರುವ ಯುಪಿಎಸ್ ಇದ್ದರೆ ನಟ್ ಎಂಬ ತಂತ್ರಾಂಶ ಬ್ಯಾಟರಿ ಇಳಿದಾಗ ಯಂತ್ರವನ್ನು ತಾನೇ ಆರಿಸುತ್ತದೆ. ಆದರೆ ನಮ್ಮ ಮನೆಗಳಲ್ಲಿರುವುದು ಹೆಚ್ಚಾಗಿ ಇನ್ವರ್ಟರ್, ಅದರಿಂದ ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುವ ದಾರಿಯಿಲ್ಲ. ಇದಕ್ಕೆ ನಾನು ಕಂಡುಕೊಂಡ ಉಪಾಯ ಅಗ್ಗದ್ದು. ಇನ್ವರ್ಟರ್ ಸಂಪರ್ಕವಿಲ್ಲದ ಒಂದು ಪ್ಲಗ್ಗಿಗೆ ಹಳೆಯ ರೂಟರನ್ನು ಸಿಕ್ಕಿಸಿ, ಅದನ್ನು ಜಾಲಕ್ಕೆ ಸೇರಿಸಿ, ಅದಕ್ಕೂ ಸ್ಥಿರ ವಿಳಾಸ ಕೊಡಿ. ಪ್ರಾಕ್ಸ್‌ಮಾಕ್ಸ್ ಪ್ರತಿ ನಿಮಿಷ ಅದಕ್ಕೆ ‘ಇದ್ದೀಯಾ’ ಎಂದು ಕೇಳುವ ಪಿಂಗ್ ಕಳುಹಿಸಲಿ. ಸತತ ಹದಿನೈದು ನಿಮಿಷ ಉತ್ತರ ಬಾರದಿದ್ದರೆ ಕರೆಂಟು ಹೋಗಿದೆಯೆಂದು ತಿಳಿದು ಯಂತ್ರ ಸರದಿಯಂತೆ ಮಲಗಲಿ. ಹತ್ತು ಸಾಲಿನ ಸ್ಕ್ರಿಪ್ಟ್ ಮತ್ತು ಅದನ್ನು ಹೊತ್ತುಹೊತ್ತಿಗೆ ನಡೆಸುವ ಕ್ರಾನ್‌ನ ಒಂದು ಸಾಲಿನಲ್ಲಿ ಇದು ಮುಗಿಯುತ್ತದೆ, ಲಿನಕ್ಸ್ ಕಲಿಯುವವರಿಗೆ ಒಳ್ಳೆಯ ಮೊದಲ ಅಭ್ಯಾಸವೂ ಹೌದು. ಇನ್ವರ್ಟರನ್ನು ‘ಯುಪಿಎಸ್’ ಸ್ಥಾನದಲ್ಲಿಡಿ, ಆಗ ಬದಲಾವಣೆಯ ಕ್ಷಣ ಚಿಕ್ಕದಾಗಿ ಯಂತ್ರ ರೀಸ್ಟಾರ್ಟ್ ಆಗುವುದು ತಪ್ಪುತ್ತದೆ. ಹೊಸದಾಗಿ ಕೊಳ್ಳುವವರು ಸೈನ್‌ವೇವ್ ಮಾದರಿಯನ್ನೇ ಆರಿಸಬೇಕು.

ಮಳೆಗಾಲದ ಆಟಿ ತಿಂಗಳಲ್ಲಿ ಚರ್ಮದ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಸದಾ ಉರಿಯುವ ಯಂತ್ರ ತನ್ನ ಬಿಸಿಯಿಂದಲೇ ಒಣಗಿರುತ್ತದೆ, ತೇವದ ಭಯ ಇರುವುದು ವಾರಗಟ್ಟಲೆ ಆರಿಸಿಟ್ಟದ್ದಕ್ಕೆ. ನೆಲದಿಂದ ಎತ್ತರದಲ್ಲಿ, ಹೊರಗೋಡೆಗೆ ತಾಗದಂತೆ ಇಡಿ. ಹೆಂಚಿನ ಮನೆಯ ಅಟ್ಟ ಕೇಬಲ್ ಎಳೆಯಲು ಅನುಕೂಲವೆನಿಸಿದರೂ ಏಪ್ರಿಲ್ ತಿಂಗಳ ಸೆಕೆಗೆ ಅದು ಒಲೆಯಾಗುತ್ತದೆ. ಬಳಸದ ತೂತುಗಳನ್ನು ಸಣ್ಣ ಜಾಲರಿಯಿಂದ ಮುಚ್ಚಿ; ಬೆಚ್ಚಗಿನ ಜಾಗ ಹುಡುಕುವ ಇರುವೆಗೂ ಹಲ್ಲಿಗೂ ಇದಕ್ಕಿಂತ ಒಳ್ಳೆಯ ಮನೆ ಬೇರಿಲ್ಲ.

ಬ್ಯಾಕಪ್

ಸ್ನ್ಯಾಪ್‌ಶಾಟ್ ಬ್ಯಾಕಪ್ ಅಲ್ಲ. ಸ್ನ್ಯಾಪ್‌ಶಾಟ್ ಇರುವುದು ಅದೇ ಡಿಸ್ಕಿನಲ್ಲಿ, ಡಿಸ್ಕ್ ಹೋದರೆ ಅದೂ ಹೋಯಿತು. ಪ್ರಯೋಗಕ್ಕೆ ಐದು ನಿಮಿಷ ಮೊದಲು ಸ್ನ್ಯಾಪ್‌ಶಾಟ್, ವಾರಕ್ಕೊಮ್ಮೆ ಹೊರಗಿನ ಯುಎಸ್‌ಬಿ ಡಿಸ್ಕಿಗೆ ಬ್ಯಾಕಪ್, ಹೀಗೆ ಎರಡಕ್ಕೂ ಬೇರೆ ಬೇರೆ ಕೆಲಸ. ಡೇಟಾಸೆಂಟರ್ ಪುಟದಲ್ಲಿ ವೇಳಾಪಟ್ಟಿ ಹಾಕಿ, ಕೊನೆಯ ಮೂರು ಪ್ರತಿಗಳನ್ನಷ್ಟೇ ಉಳಿಸುವಂತೆ ಹೇಳಿ. ಸದಾ ಸಿಕ್ಕಿಸಿಯೇ ಇರುವ ಡಿಸ್ಕಿಗೂ ಯಂತ್ರಕ್ಕೆ ಬಂದ ಸಿಡಿಲೇ ಬರುತ್ತದೆ. ಆದ್ದರಿಂದ ಡಿಸ್ಕ್ ಎರಡಿರಲಿ, ಒಂದು ಯಂತ್ರದಲ್ಲಿದ್ದಾಗ ಇನ್ನೊಂದು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿ, ಕಪಾಟಿನಲ್ಲಿರಲಿ.

ಮರಳಿ ತೆರೆದು ನೋಡದ ಬ್ಯಾಕಪ್ ಇದೆಯೆಂದು ಲೆಕ್ಕಕ್ಕೆ ಹಿಡಿಯುವಂತಿಲ್ಲ. ತಿಂಗಳಿಗೊಮ್ಮೆ ಒಂದು ಯಂತ್ರವನ್ನು ಹೊಸ ಸಂಖ್ಯೆ ಕೊಟ್ಟು ಮರುಸ್ಥಾಪಿಸಿ, ನೆಟ್‌ವರ್ಕ್ ಕಾರ್ಡನ್ನು ಕಿತ್ತು, ಎಬ್ಬಿಸಿ, ಒಳಗಿನ ಕಡತಗಳು ಇವೆಯೇ ನೋಡಿ. ಕಾರ್ಡ್ ಕೀಳದಿದ್ದರೆ ಅಸಲಿಗೂ ನಕಲಿಗೂ ಒಂದೇ ವಿಳಾಸವಾಗಿ ಹಳೆಯ ಜಗಳ ಮರುಕಳಿಸುತ್ತದೆ.

ಎರಡನೆಯ ಯಂತ್ರ

ಒಂದು ವರ್ಷದ ನಂತರ ಎರಡನೆಯ ಮಿನಿ ಪಿಸಿ ತಂದು, ಎರಡನ್ನೂ ಒಂದಾಗಿ ನಡೆಸುವ ಕ್ಲಸ್ಟರ್ ಕಟ್ಟುವ ಮನಸ್ಸಾಗುತ್ತದೆ. ಕ್ಲಸ್ಟರಿನಲ್ಲಿ ನಿರ್ಧಾರಗಳು ಬಹುಮತದಿಂದ ಆಗುತ್ತವೆ. ಎರಡೇ ಮತಗಳಿರುವಲ್ಲಿ ಒಂದು ಯಂತ್ರ ಮಲಗಿದರೆ ಉಳಿದದ್ದು ಬಹುಮತ ಕಳೆದುಕೊಂಡು, ತಾನು ಸರಿಯಿದ್ದೂ ಹೊಸ ಅತಿಥಿಯನ್ನು ಎಬ್ಬಿಸಲು ಒಪ್ಪುವುದಿಲ್ಲ. ರಾಸ್ಪ್‌ಬೆರಿ ಪೈನಂತಹ ಪುಟ್ಟ ಸಾಧನಕ್ಕೆ ಮತ ಹಾಕುವುದಕ್ಕೆಂದೇ ಇರುವ ಕ್ಯೂಡಿವೈಸ್ ತಂತ್ರಾಂಶ ಹಾಕಿ ಮೂರನೆಯ ಮತವನ್ನು ಒದಗಿಸಬಹುದು. ಕಲಿಯುವುದಕ್ಕೆ ಇದು ಚೆನ್ನ, ಆದರೆ ಎರಡು ಯ‌ಂತ್ರ ಸದಾ ಉರಿದರೆ ಬಿಲ್ಲಿನಲ್ಲಿ 21.6 ಹೋಗಿ 43.2 ಯೂನಿಟ್ ಆಗುತ್ತದೆ. ಹಾಗಾಗಿ ನನ್ನ ಎರಡನೆಯ ಯಂತ್ರ ಕ್ಲಸ್ಟರಿಗೆ ಸೇರದೆ, ಪ್ಲಗ್ ಕಿತ್ತ ಸ್ಥಿತಿಯಲ್ಲೇ ಕಪಾಟಿನಲ್ಲಿರುತ್ತದೆ. ತಿಂಗಳ ಮೊದಲ ಭಾನುವಾರ, ಬ್ಯಾಕಪ್ ಅದರಲ್ಲಿ ಎದ್ದು ನಿಲ್ಲುತ್ತದೆಯೇ ಎಂದು ನೋಡುವ ಒಂದು ಗಂಟೆ ಮಾತ್ರ ಅದಕ್ಕೆ ಕರೆಂಟು.